ಪಾವ್: ಒಂದು ಉಲಿ, ನಾಲ್ಕು ಬೇರು

ಮುಂಬಯಿಯಲ್ಲಿ ‘ಪಾವ್’ ಎಂದರೆ ಮೊದಲು ನೆನಪಾಗುವುದು ವಡಾಪಾವಿನ ಬ್ರೆಡ್ಡು. ಅದೇ ಪಾವ್ ತರಕಾರಿ ಗಾಡಿಯ ಮುಂದೆ ಕಾಲು ಕಿಲೋ ಆಗುತ್ತದೆ, ಹಿಂದಿಯವರ ಬಾಯಲ್ಲಿ ಸ್ವಲ್ಪ ಮೂಗಿನಿಂದ ಬಂದರೆ ಪಾದ ಆಗುತ್ತದೆ, ಗಣಪತಿಯ ಮುಂದೆ ನಿಂತ ಮರಾಠಿ ಭಕ್ತರ ಬಾಯಲ್ಲಿ ‘ಒಲಿ’ ಎಂಬ ಬೇಡಿಕೆಯಾಗುತ್ತದೆ. ಹಳಗನ್ನಡ ಓದಿದವರಿಗೆ ಇನ್ನೂ ಒಂದು ಅರ್ಥ ಗೊತ್ತು: ಹಾವು. ಇವು ಒಂದೇ ಪದದ ಬೇರೆ ಬೇರೆ ಅರ್ಥಗಳಲ್ಲ. ಸಂಬಂಧವೇ ಇಲ್ಲದ ನಾಲ್ಕು ಮೂಲಗಳಿಂದ ಹೊರಟ ಪದಗಳು ಸವೆದು ಸವೆದು ಒಂದೇ ಉಲಿಗೆ ಬಂದು ನಿಂತಿವೆ.

ಕಾಲು ಮತ್ತು ಕಾಲುಭಾಗ

ಸಂಸ್ಕೃತದ ‘ಪಾದ’ಕ್ಕೆ ಕಾಲು ಎಂಬ ಅಂಗದ ಅರ್ಥವೂ ಇದೆ, ನಾಲ್ಕರಲ್ಲಿ ಒಂದು ಭಾಗ ಎಂಬ ಅರ್ಥವೂ ಇದೆ. ಪಶುವಿಗೆ ನಾಲ್ಕು ಪಾದ, ಹಾಗಾಗಿ ಒಂದು ಪಾದ ಎಂದರೆ ಕಾಲುಭಾಗ. ನಕ್ಷತ್ರಕ್ಕೆ ನಾಲ್ಕು ಪಾದ, ಶ್ಲೋಕಕ್ಕೆ ನಾಲ್ಕು ಪಾದ ಎನ್ನುವುದೂ ಇದೇ ಲೆಕ್ಕ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲೂ ‘ಕಾಲು’ ನಡೆಯುವುದಕ್ಕೂ ಇದೆ, ಅಳೆಯುವುದಕ್ಕೂ ಇದೆ.

ಪ್ರಾಕೃತದಲ್ಲಿ ‘ಪಾದ’ದ ನಡುವಿನ ದಕಾರ ಬಿದ್ದುಹೋಯಿತು. ಹಿಂದಿಯಲ್ಲಿ ಅಂಗಕ್ಕೆ ‘ಪಾಂವ್’, ಭಾಗಕ್ಕೆ ‘ಪಾವ್’ ಎಂದು ಎರಡು ರೂಪ ಉಳಿದವು. ಮರಾಠಿಯಲ್ಲಿ ಅಂಗ ‘ಪಾಯ್’ ಆಯಿತು, ಭಾಗ ‘ಪಾವ್’ ಆಯಿತು. ದಾದರ್ ಮಾರುಕಟ್ಟೆಯಲ್ಲಿ ‘ಪಾವ್ ಕಿಲೋ ಭೇಂಡಿ’ ಎಂದರೆ ತಕ್ಕಡಿಗೆ ಬೀಳುವುದು 250 ಗ್ರಾಂ ಬೆಂಡೆಕಾಯಿ.

ಮುಂಬಯಿಯ ಗಡಿಯಾರದಲ್ಲೂ ಈ ಪಾದ ಅಡಗಿದೆ. ಮರಾಠಿಯಲ್ಲಿ ಹತ್ತೂಕಾಲು ಗಂಟೆಗೆ ‘ಸವ್ವಾ ದಹಾ’. ಸವ್ವಾ ಎಂದರೆ ಸಪಾದ, ಕಾಲುಭಾಗ ಕೂಡಿದ್ದು. ಒಂಬತ್ತೂಮುಕ್ಕಾಲಿಗೆ ‘ಪಾವಣೆ ದಹಾ’. ಪಾವಣೆ ಎಂದರೆ ಪಾದೋನ, ಕಾಲುಭಾಗ ಊನವಾದದ್ದು. ‘ಸೇರಿಗೆ ಸವ್ವಾಸೇರು’ ಎಂದು ನಾವು ಹೇಳುವಾಗ ಇದೇ ಸವ್ವಾ ನಮ್ಮ ಬಾಯಲ್ಲೂ ಇರುತ್ತದೆ.

ಅಳತೆಯ ಪಾವು ಕನ್ನಡ ನಾಡಿಗೂ ಬಂದು ಮನೆಮಾತಾಯಿತು. ಹಳೆಯ ಮೈಸೂರು ಕಡೆ ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು. ಅಕ್ಕಿ ಅಳೆಯುವ ಪಾತ್ರೆಗೂ ಪಾವು ಎಂದೇ ಹೆಸರು. ರೂಪಾಯಿಯ ಕಾಲುಭಾಗವಾದ ನಾಲ್ಕಾಣೆಗೆ ‘ಪಾವಲಿ’ ಎನ್ನುತ್ತಿದ್ದರು. 1957ರಲ್ಲಿ ದಶಮಾಂಶ ನಾಣ್ಯ ಬಂದ ಮೇಲೆ ಅದು 25 ಪೈಸೆಯಾಯಿತು, 2011ರ ಜೂನ್ 30ರ ನಂತರ ಚಲಾವಣೆಯಿಂದಲೇ ಹೋಯಿತು.

ತಿನ್ನುವ ಪಾವ್

ಬ್ರೆಡ್ಡಿನ ಪಾವ್ ಬಂದದ್ದು ಹಡಗಿನಲ್ಲಿ. ಲ್ಯಾಟಿನಿನಲ್ಲಿ ಗೋಧಿ ರೊಟ್ಟಿಗೆ ‘ಪಾನಿಸ್’ ಎನ್ನುತ್ತಿದ್ದರು. ಅದು ಫ್ರೆಂಚರಲ್ಲಿ ‘ಪ್ಯಾಂ’, ಸ್ಪೇನಿನಲ್ಲಿ ‘ಪಾನ್’, ಪೋರ್ಚುಗೀಸರಲ್ಲಿ ಮೂಗಿನಿಂದ ಹೊರಡುವ ‘ಪೌಂ’ ಆಯಿತು. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡರು. 1534ರ ಒಪ್ಪಂದದಲ್ಲಿ ಗುಜರಾತಿನ ಬಹಾದ್ದೂರ್ ಶಾಹನಿಂದ ವಸಯಿಯೂ ಮುಂಬಯಿಯ ದ್ವೀಪಗಳೂ ಅವರ ಕೈಸೇರಿದವು. ಉಬ್ಬುವ ರೊಟ್ಟಿಗೆ ಹುದುಗು ಬೇಕು. ಗೋವೆಯಲ್ಲಿ ಅದು ಸಿಗದಾಗ ಹಿಟ್ಟಿಗೆ ತೆಂಗಿನ ಕಳ್ಳು ಬೆರೆಸಿದರು. ‘ಪೌಂ’ ಕೊಂಕಣಿಯಲ್ಲಿ ಮೂಗಿನ ಸ್ವರ ಕಳೆದುಕೊಂಡು ‘ಪಾವ್’ ಆಯಿತು, ರೊಟ್ಟಿ ಸುಡುವ ‘ಪಾದೇರು’ ಗೋವೆಯ ‘ಪೊದೇರ್’ ಆದ.

1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗೀಸ್ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಮುಂಬಯಿ ಇಂಗ್ಲೆಂಡಿನ ಎರಡನೇ ಚಾರ್ಲ್ಸನಿಗೆ ಹೋಯಿತು. 1668ರಲ್ಲಿ ಅವನು ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಈ ‘ಕಂಪನಿ’ಯ ಹೊಟ್ಟೆಯಲ್ಲೂ ರೊಟ್ಟಿ ಇದೆ. ಲ್ಯಾಟಿನಿನ ‘ಕೋಂ’ ಎಂದರೆ ಜೊತೆ, ‘ಪಾನಿಸ್’ ಎಂದರೆ ರೊಟ್ಟಿ; ಜೊತೆಯಲ್ಲಿ ರೊಟ್ಟಿ ತಿನ್ನುವವರ ಕೂಟವೇ ಕಂಪನಿ. ಪೋರ್ಚುಗೀಸರು ಹೋದರೂ ಪಗಾರ, ಚಾವಿ, ಬಟಾಟೆ, ಪಾವ್ ಊರಿನಲ್ಲೇ ಉಳಿದವು. ಬಟಾಟಾ ವಡಾಪಾವಿನ ಹೆಸರಿನಲ್ಲಿ ನಮ್ಮದು ಎನ್ನಬಹುದಾದದ್ದು ವಡೆ ಒಂದೇ.

ಎರಡು ಜನಪ್ರಿಯ ಕಥೆಗಳು

ಪಾವ್ ಹೆಸರಿಗೆ ಮುಂಬಯಿಯಲ್ಲಿ ಎರಡು ವಿವರಣೆ ಕೇಳಸಿಗುತ್ತವೆ. ಹಿಟ್ಟನ್ನು ಕಾಲಿನಿಂದ ತುಳಿದು ನಾದುತ್ತಿದ್ದರು, ಅದಕ್ಕೆ ಪಾವ್ ಎಂಬುದು ಒಂದು. ನಾಲ್ಕು ಪಾಲಾಗಿ ಮುರಿಯುತ್ತಿದ್ದರು, ಅದಕ್ಕೆ ಪಾವ್ ಎಂಬುದು ಇನ್ನೊಂದು. ಎರಡೂ ಕೇಳಲು ಚೆನ್ನಾಗಿವೆ, ಎರಡೂ ನಿಜವಲ್ಲ.

ಇದಕ್ಕೆ ಸಾಕ್ಷಿ ಮುಂಬಯಿಯ ಹೊರಗೆ ಸಿಗುತ್ತದೆ. ಪೋರ್ಚುಗೀಸರು 1543ರಲ್ಲಿ ಜಪಾನಿನ ತಾನೆಗಾಶಿಮಾ ದ್ವೀಪ ಮುಟ್ಟಿದರು. ಜಪಾನಿನಲ್ಲಿ ಇಂದಿಗೂ ಬ್ರೆಡ್ಡಿಗೆ ‘ಪಾನ್’ ಎನ್ನುತ್ತಾರೆ. ಜಪಾನೀಯರ ಆಳ್ವಿಕೆ ಕಂಡ ಕೊರಿಯಾದಲ್ಲಿ ಅದು ‘ಪ್ಪಾಂಗ್’, ತೈವಾನಿನ ಆಡುಮಾತಿನಲ್ಲಿ ‘ಪಾಂಗ್’. ಪೋರ್ಚುಗೀಸರು ಆಳಿದ ಶ್ರೀಲಂಕಾದಲ್ಲಿ ಸಿಂಹಳದವರು ‘ಪಾನ್’ ಎಂದರೆ ಅಲ್ಲಿನ ತಮಿಳರು ‘ಪಾಣ್’ ಎನ್ನುತ್ತಾರೆ. ಜಪಾನೀಯರಿಗೆ ಹಿಂದಿಯ ಪಾಂವ್ ಗೊತ್ತಿಲ್ಲ, ಮರಾಠಿಯ ಪಾವ್ ಕಿಲೋ ಗೊತ್ತಿಲ್ಲ. ಈ ನಾಡುಗಳೆಲ್ಲವನ್ನೂ ಕೂಡಿಸುವ ಎಳೆ ಪೋರ್ಚುಗೀಸರ ಹಡಗು ಮಾತ್ರ. ಬಂಗಾಳದ ‘ಪಾವುರುಟಿ’, ಹಿಂದಿಯ ‘ಪಾವ್‌ರೋಟಿ’ಗಳಲ್ಲಿ ಹೊರಗಿನ ಪದದ ಅರ್ಥ ತಿಳಿಯಲೆಂದು ಪಕ್ಕದಲ್ಲಿ ನಮ್ಮ ರೊಟ್ಟಿಯನ್ನೂ ಸೇರಿಸಿದ್ದಾರೆ. ಎರಡು ಭಾಷೆಯಲ್ಲಿ ಅದು ರೊಟ್ಟಿ-ರೊಟ್ಟಿ.

ಲಾದಿ, ಕಡಕ್, ಬ್ರುನ್

ಮುಂಬಯಿಯ ಬೇಕರಿಗಳಲ್ಲಿ ಪಾವ್ ಒಂದೇ ಬಗೆಯದಲ್ಲ. ವಡಾಪಾವಿಗೆ ಬೇಕಾದದ್ದು ‘ಲಾದಿ ಪಾವ್’. ಲಾದಿ ಎಂದರೆ ಮರಾಠಿಯಲ್ಲಿ ನೆಲಕ್ಕೆ ಹಾಸುವ ಕಲ್ಲುಚಪ್ಪಡಿ. ಹಿಟ್ಟಿನ ಉಂಡೆಗಳನ್ನು ತಟ್ಟೆಯಲ್ಲಿ ಒತ್ತೊತ್ತಾಗಿ ಇಟ್ಟು ಸುಡುವುದರಿಂದ ಅವು ಉಬ್ಬಿ ಒಂದಕ್ಕೊಂದು ಅಂಟಿಕೊಂಡು ಚಪ್ಪಡಿಯಂತೆ ಹೊರಬರುತ್ತವೆ. ನೆತ್ತಿ ಕಂದು, ಪಕ್ಕೆ ಬಿಳಿ. ಗಾಡಿಯವನು ಲಾದಿಯಿಂದ ಒಂದನ್ನು ಕಿತ್ತು, ಒಂದು ಅಂಚು ಕೂಡಿಕೊಂಡೇ ಇರುವಂತೆ ಸೀಳಿ, ಒಳಗೆ ಬೆಳ್ಳುಳ್ಳಿಯ ಒಣ ಚಟ್ನಿ ಉದುರಿಸಿ, ವಡೆ ಇಟ್ಟು ಅಂಗೈಯಲ್ಲಿ ಒತ್ತುತ್ತಾನೆ. ಪಕ್ಕದಲ್ಲಿ ಉಪ್ಪು ಹಚ್ಚಿ ಕರಿದ ಹಸಿಮೆಣಸಿನಕಾಯಿ. ಇದನ್ನು ಮೊದಲು ಮಾರಿದವರು ಯಾರು ಎಂದು ಕೇಳಿದರೆ, 1966ರಲ್ಲಿ ದಾದರ್ ಸ್ಟೇಷನ್ ಹೊರಗೆ ಗಾಡಿ ಇಟ್ಟ ಅಶೋಕ್ ವೈದ್ಯರ ಹೆಸರನ್ನೇ ಹೆಚ್ಚಿನವರು ಹೇಳುತ್ತಾರೆ.

ಹೊರಮೈ ಗಟ್ಟಿಯಾಗಿ, ಕಚ್ಚಿದರೆ ಪುಡಿ ಉದುರುವುದು ‘ಕಡಕ್ ಪಾವ್’ ಅಥವಾ ‘ಬ್ರುನ್’. ಇರಾನಿ ಹೋಟೆಲುಗಳಲ್ಲಿ ಇದಕ್ಕೆ ಬೆಣ್ಣೆ ಸವರಿ ‘ಬ್ರುನ್ ಮಸ್ಕಾ’ ಎಂದು ಚಹಾದ ಜೊತೆ ಕೊಡುತ್ತಾರೆ. ಕರಾವಳಿಯಿಂದ ಹೋಗಿ ಮಾಟುಂಗಾ, ಚೆಂಬೂರುಗಳಲ್ಲಿ ಹೋಟೆಲು ಕಟ್ಟಿದ ನಮ್ಮವರೂ ಇಡ್ಲಿ ದೋಸೆಯ ಪಟ್ಟಿಗೆ ಪಾವ್‌ಭಾಜಿ ಸೇರಿಸಿಕೊಂಡರು.

ದೇವರು ಪಾವುವುದು

ಮೂರನೆಯ ಬೇರು ಸಂಸ್ಕೃತದ ‘ಪ್ರಾಪ್’, ಅಂದರೆ ಹೊಂದು, ತಲುಪು. ಅದರಿಂದ ಮರಾಠಿಯ ‘ಪಾವಣೆ’ ಎಂಬ ಕ್ರಿಯಾಪದ ಬಂತು. ‘ದೇವ ಪಾವಲಾ’ ಎಂದರೆ ದೇವರು ಒಲಿದ. 1934ರಲ್ಲಿ ಶುರುವಾದ ಲಾಲ್‌ಬಾಗಿನ ಗಣಪತಿಯನ್ನು ‘ನವಸಾಲಾ ಪಾವಣಾರಾ’, ಹರಕೆಗೆ ಒಲಿಯುವವನು ಎಂದು ಕೊಂಡಾಡುತ್ತಾರೆ. ಮುಕ್ಕಾಲು ಗಂಟೆಯ ಪಾವಣೆಗೂ ಈ ಪಾವಣೆಗೂ ನಂಟಿಲ್ಲ.

ಇದೇ ಕ್ರಿಯಾಪದದಿಂದ ‘ಪಾವತಿ’ ಹುಟ್ಟಿತು. ಮರಾಠಿಯಲ್ಲಿ ಪಾವತಿ ಎಂದರೆ ಹಣ ತಲುಪಿತು ಎಂದು ಬರೆದುಕೊಡುವ ರಸೀದಿ. ಕನ್ನಡದಲ್ಲಿ ಅದು ಹಣ ಕಟ್ಟುವ ಕೆಲಸ. ಮುಂಬಯಿಯ ಅಂಗಡಿಯವನು ‘ಪಾವತಿ ಘ್ಯಾ’ ಎಂದರೆ ಕನ್ನಡಿಗ ಮತ್ತೆ ಜೇಬಿಗೆ ಕೈ ಹಾಕಬೇಕಾಗಿಲ್ಲ. ಕೊಡುವ ಚೀಟಿ ತೆಗೆದುಕೊಂಡರೆ ಸಾಕು.

ಹಳಗನ್ನಡದ ಪಾವು

ನಾಲ್ಕನೆಯದು ದ್ರಾವಿಡ ಬೇರು. ತಮಿಳು, ಮಲಯಾಳಗಳ ‘ಪಾಂಬು’, ತೆಲುಗಿನ ‘ಪಾಮು’ ಹಳಗನ್ನಡದಲ್ಲಿ ‘ಪಾವು’. ಪಂಪನ ಕಾಲದ ಕನ್ನಡದಲ್ಲಿ ಪಾಲು, ಪುಲಿ, ಪಾವುಗಳಿದ್ದವು. ಮುಂದಿನ ಶತಮಾನಗಳಲ್ಲಿ ಪಕಾರ ಹಕಾರವಾಗಿ ಅವು ಹಾಲು, ಹುಲಿ, ಹಾವುಗಳಾದವು. ಸಂಸ್ಕೃತದಿಂದ ಬಂದು ತದ್ಭವವಾದ ಪದಗಳೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ: ಪರ್ವ ಪಬ್ಬವಾಗಿ ಹಬ್ಬವಾಯಿತು.

ಅಳತೆಯ ಪಾವು ಮಾತ್ರ ಪಾವಾಗಿಯೇ ಉಳಿದಿದೆ. ಈ ಮಾರ್ಪಾಟು ಮುಗಿದ ಮೇಲೆ ಅದು ಕನ್ನಡಕ್ಕೆ ಬಂತು ಎನ್ನುವುದಕ್ಕೆ ಇದೇ ಗುರುತು. ಬ್ರೆಡ್ಡಿನ ಪಾವಂತೂ ಇನ್ನೂ ತಡವಾಗಿ ಬಂದದ್ದು. ಇವು ತಡವಾಗಿ ಬಂದದ್ದೇ ಒಳ್ಳೆಯದಾಯಿತು. ಬೇಗ ಬಂದಿದ್ದರೆ ನಮ್ಮ ಅಜ್ಜಿಯರು ಸೇರಿಗೆ ನಾಲ್ಕು ಹಾವು ಎಂದು ಅಕ್ಕಿ ಅಳೆಯಬೇಕಿತ್ತು.