ಕಾಲವ್ಯುತ್ಕ್ರಮವೂ ಸಾಕ್ಷ್ಯಸಂಶಯವೂ: ಅಪರಾಧಕಥನದ ಚಲನಚಿತ್ರಗಳಲ್ಲಿ ಪ್ರೇಕ್ಷಕಪ್ರತಿಕ್ರಿಯೆ

ಕಾಲಕ್ರಮವನ್ನು ಕದಡಿ ಹೇಳಿದ ಅಪರಾಧಕಥೆಯೊಂದನ್ನು ನೋಡಿ ಚಿತ್ರಮಂದಿರದಿಂದ ಹೊರಬರುವ ಪ್ರೇಕ್ಷಕನು ಜೊತೆಯವರೊಡನೆ ಮೊದಲು ಆಡುವ ಮಾತು ಬಹುಮಟ್ಟಿಗೆ ‘ತಲೆಬುಡ ತಿಳಿಯಲಿಲ್ಲ’ ಎಂಬುದೇ ಆಗಿರುತ್ತದೆ. ನಿರ್ಮಾಪಕರೂ ವಿತರಕರೂ ವಿಮರ್ಶಕರಲ್ಲಿ ಹಲವರೂ ಈ ಮಾತನ್ನು ಅಕ್ಷರಶಃ ಗ್ರಹಿಸಿ, ಹಿಂದಿನದು ಮುಂದೆಯೂ ಮುಂದಿನದು ಹಿಂದೆಯೂ ಬಂದುದರಿಂದ ಅವನ ಬುದ್ಧಿಗೆ ಆಯಾಸವಾಯಿತೆಂದೂ, ಕಥೆಯನ್ನು ನೆಟ್ಟಗೆ ಹೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದೂ ತೀರ್ಮಾನಿಸುವುದು ವಾಡಿಕೆ. ಈ ತೀರ್ಮಾನ ಪೂರ್ತಿಯಾಗಿ ಸುಳ್ಳಲ್ಲ. ಆದರೆ ಇಂಥ ಚಿತ್ರಗಳಿಗೆ ನಾನಾ ದೇಶಗಳಲ್ಲಿ ದೊರೆತ ಸ್ವಾಗತದ ಚರಿತ್ರೆಯನ್ನು ಸಾವಧಾನವಾಗಿ ಪರಿಶೀಲಿಸಿದರೆ, ಪ್ರೇಕ್ಷಕನ ದೂರಿನ ಬೇರು ಬೇರೆಡೆಯಲ್ಲಿರುವುದು ಗೋಚರವಾಗುತ್ತದೆ. ಘಟನೆಗಳ ಪೌರ್ವಾಪರ್ಯವನ್ನು ಅವನು ಹೇಗೋ ಹೊಂದಿಸಿಕೊಳ್ಳುತ್ತಾನೆ. ಹೊಂದಿಸಿಕೊಂಡ ಮೇಲೂ ಅವುಗಳಿಗೆ ಹೊಣೆಯಾಗಿ ನಿಲ್ಲುವವರು ಯಾರೂ ಇಲ್ಲವೆಂದು ಕಂಡಾಗ ಮಾತ್ರ ಅವನ ನೆಮ್ಮದಿ ಕದಡುತ್ತದೆ.

ಈ ಭೇದವನ್ನು ಗುರುತಿಸಲು ನಮ್ಮ ಕಾವ್ಯಮೀಮಾಂಸೆಯಲ್ಲಿಯೇ ಉಪಕರಣವೊಂದುಂಟು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯಕ್ಕೆ ವ್ಯಾಖ್ಯಾನ ಬರೆಯುತ್ತ ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಸ್ಫುಟತ್ವಾಭಾವವೆಂಬುದು ಒಂದು, ಸಂಶಯಯೋಗವೆಂಬುದು ಮತ್ತೊಂದು. ಕಾಣುವುದು ಸ್ಪಷ್ಟವಾಗಿ ಕಾಣದಿದ್ದರೆ ಮೊದಲನೆಯದು; ಸ್ಪಷ್ಟವಾಗಿ ಕಂಡರೂ ಅದು ಯಾವುದರ ಗುರುತೆಂದು ನಿಶ್ಚಯವಾಗದಿದ್ದರೆ ಎರಡನೆಯದು. ಕಣ್ಣೀರು ಆನಂದದಿಂದಲೂ ಬಂದೀತು, ಕಣ್ಣಿನ ರೋಗದಿಂದಲೂ ಬಂದೀತು. ಆಚಾರ್ಯನು ಇದನ್ನು ಹೇಳಿದ್ದು ಸ್ಥಾಯಿಭಾವದ ನಿರ್ಣಯಕ್ಕಾಗಿಯೇ ಹೊರತು ಕೊಲೆಗಾರನ ನಿರ್ಣಯಕ್ಕಾಗಿ ಅಲ್ಲವೆಂಬುದನ್ನು ನಾನು ಮರೆತಿಲ್ಲ. ಆದರೂ ಈ ವಿಭಾಗವನ್ನು ಸ್ವಲ್ಪ ಹಿಗ್ಗಿಸಿ ಪ್ರಕೃತ ವಿಷಯಕ್ಕೆ ಅನ್ವಯಿಸಿಕೊಳ್ಳುವುದರಲ್ಲಿ ದೋಷವಿಲ್ಲವೆಂದು ಭಾವಿಸುತ್ತೇನೆ. ಪ್ರೇಕ್ಷಕನು ಸ್ಫುಟತ್ವಾಭಾವವೆಂದು ದೂರುವುದು ಅನೇಕ ವೇಳೆ ಸಂಶಯಯೋಗವೇ ಆಗಿರುತ್ತದೆ.

ಮೊದಲ ಉದಾಹರಣೆಯಾಗಿ 1956ರಲ್ಲಿ ತೆರೆಕಂಡ ‘ದಿ ಕಿಲ್ಲಿಂಗ್’ ಚಿತ್ರವನ್ನು ತೆಗೆದುಕೊಳ್ಳಬಹುದು. ಲಯೊನೆಲ್ ವೈಟ್ ಎಂಬಾತನ ‘ಕ್ಲೀನ್ ಬ್ರೇಕ್’ ಕಾದಂಬರಿಯನ್ನು ಆಧರಿಸಿ, ಆಗಿನ್ನೂ ಮೂವತ್ತು ತುಂಬದಿದ್ದ ಸ್ಟಾನ್ಲಿ ಕುಬ್ರಿಕ್ ನಿರ್ದೇಶಿಸಿದ ಈ ಚಿತ್ರದಲ್ಲಿ ಕುದುರೆಪಂದ್ಯದ ಮೈದಾನದಲ್ಲಿ ನಡೆಯುವ ಒಂದು ದರೋಡೆ, ಅದರಲ್ಲಿ ಪಾಲುಗೊಂಡ ಒಬ್ಬೊಬ್ಬನ ಬೆನ್ನುಹತ್ತಿ ಮತ್ತೆ ಮತ್ತೆ ಹಿಂದಕ್ಕೆ ಸರಿದು ನಿರೂಪಿತವಾಗುತ್ತದೆ. ಕುದುರೆಗಳನ್ನು ಪಂದ್ಯಕ್ಕೆ ಕರೆತರುವ ಅದೇ ದೃಶ್ಯ, ಉದ್ಘೋಷಕನ ಅದೇ ಕೂಗು, ಹಲವು ಸಲ ಮರಳುತ್ತವೆ. ಬಿಡುಗಡೆಗೆ ಮುನ್ನ ನೋಡಿದ ಆಪ್ತರಿಗೂ ನಾಯಕನಟ ಸ್ಟರ್ಲಿಂಗ್ ಹೇಡನ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದವರಿಗೂ ಈ ಕ್ರಮ ರುಚಿಸಲಿಲ್ಲ. ಪ್ರೇಕ್ಷಕರು ಕೆರಳುವರೆಂದು ಅವರು ಎಚ್ಚರಿಸಿದರು. ಕುಬ್ರಿಕ್ಕನೂ ಆತನ ಜೊತೆಗಾರ ನಿರ್ಮಾಪಕ ಜೇಮ್ಸ್ ಹ್ಯಾರಿಸನೂ ನ್ಯೂಯಾರ್ಕಿಗೆ ಹೋಗಿ, ಸಂಕಲನದ ಕೋಣೆಯಲ್ಲಿ ಕುಳಿತು ಕಥೆಯನ್ನು ನೇರಗೊಳಿಸಿ ನೋಡಿದರು. ನೇರಗೊಂಡದ್ದು ಹತ್ತರಲ್ಲಿ ಹನ್ನೊಂದನೆಯ ದರೋಡೆಯ ಚಿತ್ರವಾಗಿ ಕಂಡುದರಿಂದ ಎಲ್ಲವನ್ನೂ ಮೊದಲಿನಂತೆಯೇ ಜೋಡಿಸಿ ತಂದೊಪ್ಪಿಸಿದರು. ಇಲ್ಲಿ ಅವರನ್ನು ಹೆದರಿಸಿದವನು ನಿಜವಾದ ಪ್ರೇಕ್ಷಕನಲ್ಲ, ಇನ್ನೂ ಟಿಕೀಟು ಕೊಳ್ಳದ ಕಲ್ಪಿತ ಪ್ರೇಕ್ಷಕನೆಂಬುದು ಗಮನಾರ್ಹ. ಚಿತ್ರೋದ್ಯಮವು ಇಂಥ ಪ್ರೇಕ್ಷಕನೊಬ್ಬನನ್ನು ಸದಾ ಬಗಲಲ್ಲಿಟ್ಟುಕೊಂಡಿರುತ್ತದೆ, ಮತ್ತು ಅವನ ಬುದ್ಧಿಯನ್ನು ಎಂದೂ ಹೆಚ್ಚಾಗಿ ಅಂದಾಜಿಸಿದ್ದಿಲ್ಲ.

ವಿತರಕ ಸಂಸ್ಥೆಯ ಉದಾಸೀನದಿಂದ ಚಿತ್ರವು ಮತ್ತೊಂದರ ಬಾಲವಾಗಿ ಪ್ರದರ್ಶಿತವಾಗಿ ಹಣ ಕಳೆದುಕೊಂಡಿತು. ವಿಮರ್ಶಕರು ಮಾತ್ರ ಮೆಚ್ಚಿದರು. ಆದರೆ ನಮ್ಮ ವಿಚಾರಕ್ಕೆ ಬೇಕಾದುದು ಈ ಚಿತ್ರದ ಹಿನ್ನೆಲೆಯ ನಿರೂಪಕಧ್ವನಿ. ಇಂಥ ದಿನ ಇಷ್ಟು ಗಂಟೆಗೆ ಇಂಥವನು ಇಲ್ಲಿದ್ದನೆಂದು ಪೊಲೀಸಿನ ದಿನಚರಿಯನ್ನು ಓದುವವನಂತೆ ಆ ಧ್ವನಿ ಗಂಭೀರವಾಗಿ ಸಾರುತ್ತ ಹೋಗುತ್ತದೆ. ಅದು ಹೇಳುವ ಗಂಟೆಗಳಲ್ಲಿ ಕೆಲವು ಒಂದಕ್ಕೊಂದು ಕೂಡಿಬರುವುದಿಲ್ಲವೆಂದು ಮುಂದೆ ವಿದ್ವಾಂಸರು ಲೆಕ್ಕಹಾಕಿ ತೋರಿಸಿದ್ದಾರೆ. ಆದರೂ ನೋಡುವವರಲ್ಲಿ ಆ ತಪ್ಪು ಗಮನಕ್ಕೆ ಬರುವುದು ಅತಿ ವಿರಳ. ಕಾಲದ ಲೆಕ್ಕವೇ ತಪ್ಪಿದ್ದಾಗಲೂ ಹೊಣೆಹೊತ್ತ ಒಂದು ಕಂಠ ಕೇಳಿಸುತ್ತಿದ್ದರೆ ಪ್ರೇಕ್ಷಕನು ನಿಶ್ಚಿಂತನಾಗಿ ಕೂರಬಲ್ಲನೆಂಬುದಕ್ಕೆ ಇದಕ್ಕಿಂತ ಸ್ವಾರಸ್ಯವಾದ ಪ್ರಮಾಣ ನನಗೆ ತಿಳಿದಿಲ್ಲ.

1994ರ ‘ಪಲ್ಪ್ ಫಿಕ್ಷನ್’ ಇದನ್ನೇ ಇನ್ನೊಂದು ಬಗೆಯಿಂದ ಸಮರ್ಥಿಸುತ್ತದೆ. ಅದರಲ್ಲಿ ನಡುವೆ ಸತ್ತವನು ಕೊನೆಯಲ್ಲಿ ಜೀವಂತನಾಗಿ ಹೋಟೆಲಿನಿಂದ ಹೊರನಡೆಯುತ್ತಾನೆ. ಕಾಲಕ್ರಮ ಅಷ್ಟರಮಟ್ಟಿಗೆ ಮುರಿದಿದೆ. ಆದರೆ ತೆರೆಯ ಮೇಲೆ ಕಂಡದ್ದು ನಡೆಯಿತೋ ಇಲ್ಲವೋ ಎಂಬ ಪ್ರಶ್ನೆ ಎಲ್ಲಿಯೂ ಏಳುವುದಿಲ್ಲ. ಕಾನ್ ಉತ್ಸವದ ಪರಮಪ್ರಶಸ್ತಿಯನ್ನು ಪಡೆದ ಆ ಚಿತ್ರ ಸುಮಾರು 80 ಲಕ್ಷ ಡಾಲರಿನಲ್ಲಿ ತಯಾರಾಗಿ ಜಗತ್ತಿನಾದ್ಯಂತ 20 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಅದರ ಹಿಂಸೆಯನ್ನು ಖಂಡಿಸಿದವರು ಬಹಳ ಮಂದಿ. ಅದರ ಕಾಲವಿನ್ಯಾಸಕ್ಕಾಗಿ ಎದ್ದುಹೋದವರು ಇದ್ದಿರಲಾರರು.

‘ಮೆಮೆಂಟೊ’ ಚಿತ್ರದ ಕಥೆ ಹೆಚ್ಚು ಜಟಿಲ, ಆದುದರಿಂದಲೇ ಹೆಚ್ಚು ಬೋಧಪ್ರದ. ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ ಈ ಚಿತ್ರದಲ್ಲಿ ವರ್ಣದ ದೃಶ್ಯಗಳು ಕೊನೆಯಿಂದ ಮೊದಲಿಗೂ ಕಪ್ಪುಬಿಳುಪಿನವು ಮೊದಲಿಂದ ಮುಂದಕ್ಕೂ ಸಾಗಿ ಒಂದೆಡೆ ಸಂಧಿಸುತ್ತವೆ. ಹೊಸ ನೆನಪುಗಳನ್ನು ಹಿಡಿದಿಡಲಾರದ ಲೆನರ್ಡ್ ಎಂಬವನು ಮೈಮೇಲಿನ ಹಚ್ಚೆಗಳನ್ನೂ ಫೋಟೋಗಳನ್ನೂ ನಂಬಿಕೊಂಡು ಹೆಂಡತಿಯ ಹಂತಕನನ್ನು ಹುಡುಕುತ್ತಾನೆ. 2000ದಲ್ಲಿ ಅಮೆರಿಕದ ವಿತರಕರಿಗೆ ಚಿತ್ರವನ್ನು ತೋರಿಸಿದಾಗ ಹೊಗಳಿದವರಿದ್ದರೂ ಕೊಂಡವರಿಲ್ಲ. ಜನಕ್ಕೆ ಅರ್ಥವಾಗದೆಂಬ ಹಳೆಯ ಭಯವೇ ಅಲ್ಲಿಯೂ ಅಡ್ಡಬಂದಿತ್ತು. ಕಡೆಗೆ ಹಣ ಹೂಡಿದ್ದ ನ್ಯೂಮಾರ್ಕೆಟ್ ಸಂಸ್ಥೆ ತಾನೇ ವಿತರಣೆಗೆ ಇಳಿದು, 2001ರ ಮಾರ್ಚಿಯಲ್ಲಿ ಕೈಬೆರಳೆಣಿಕೆಗೆ ತುಸು ಮೀರಿದ ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಿತು. ವಾರದಿಂದ ವಾರಕ್ಕೆ ಮಂದಿರಗಳು ಹೆಚ್ಚಿ, 90 ಲಕ್ಷ ಡಾಲರಿನ ಆ ಚಿತ್ರ ಅಮೆರಿಕವೊಂದರಲ್ಲೇ ಎರಡೂವರೆ ಕೋಟಿ ಡಾಲರು ತಂದಿತು. ಕಲ್ಪಿತ ಪ್ರೇಕ್ಷಕನು ಸೋತು ನಿಜವಾದ ಪ್ರೇಕ್ಷಕನು ಗೆದ್ದನು.

ಆ ಪ್ರೇಕ್ಷಕರು ಅನಂತರ ಏನು ಚರ್ಚಿಸಿದರು? ದೃಶ್ಯಗಳ ಅನುಕ್ರಮವನ್ನು ಕಾಗದದ ಮೇಲೆ ಪಟ್ಟಿಮಾಡುವ ಕಾರ್ಯ ಬೇಗನೆ ಮುಗಿಯಿತು. ಮುಗಿಯದೆ ಉಳಿದದ್ದು ಬೇರೆ: ಸ್ಯಾಮಿ ಎಂಬ ರೋಗಿಯ ಕುರಿತು ಲೆನರ್ಡ್ ಹೇಳುವ ಕಥೆ ಸ್ಯಾಮಿಯದೋ, ಲೆನರ್ಡನದೇ ಆದದ್ದೋ? ಹೆಂಡತಿ ದಾಳಿಯಲ್ಲಿಯೇ ಸತ್ತಳೋ, ಬದುಕಿ ಗಂಡನ ಕೈಯಿಂದಲೇ ಸತ್ತಳೋ? ಕೊನೆಗೆ ಸತ್ಯವನ್ನು ಹೇಳುವವನು ಟೆಡ್ಡಿಯೆಂಬ ನಂಬಲನರ್ಹ ಮನುಷ್ಯ; ಕೇಳುವವನು ತನ್ನನ್ನು ತಾನೇ ಮೋಸಗೊಳಿಸಿಕೊಳ್ಳಲು ಉದ್ದೇಶಪೂರ್ವಕವಾಗಿ ಸುಳ್ಳು ಟಿಪ್ಪಣಿ ಬರೆದುಕೊಳ್ಳುವವನು. ಮುಂದೆ ಡಿವಿಡಿ ರೂಪದಲ್ಲಿ ಹೊರಬಂದ ವಿಶೇಷ ಆವೃತ್ತಿಯೊಂದರಲ್ಲಿ ಇಡೀ ಚಿತ್ರವನ್ನು ಕಾಲಾನುಕ್ರಮವಾಗಿ ನೋಡುವ ಏರ್ಪಾಟನ್ನು ಮರೆಯಾಗಿ ಇಟ್ಟಿದ್ದರು. ಕಾಲವ್ಯುತ್ಕ್ರಮವೇ ತೊಡಕಾಗಿದ್ದ ಪಕ್ಷದಲ್ಲಿ ಇದನ್ನು ನೋಡಿದವರ ವಾದವೆಲ್ಲ ಅಲ್ಲಿಗೆ ಶಾಂತವಾಗಬೇಕಿತ್ತು. ಹಾಗಾಗಲಿಲ್ಲ. ನೆಟ್ಟಗಾದ ಕಥೆಯಲ್ಲೂ ಸಂಶಯ ಅಷ್ಟೇ ಪ್ರಮಾಣದಲ್ಲಿ ಉಳಿದಿದೆ. ಬಹುಶಃ ಇನ್ನೂ ಬೆತ್ತಲೆಯಾಗಿ.

ಇದರ ಪ್ರತಿಪರೀಕ್ಷೆ ನಮ್ಮ ನೆರೆಯಲ್ಲಿಯೇ ನಡೆಯಿತು. ‘ಮೆಮೆಂಟೊ’ದಿಂದ ಮರೆವಿನ ನಾಯಕ, ಹಚ್ಚೆ, ಫೋಟೋಗಳನ್ನು ತೆಗೆದುಕೊಂಡು ಎ. ಆರ್. ಮುರುಗದಾಸ್ 2005ರಲ್ಲಿ ತಮಿಳಿನಲ್ಲಿಯೂ 2008ರಲ್ಲಿ ಹಿಂದಿಯಲ್ಲಿಯೂ ‘ಗಜಿನಿ’ಯನ್ನು ನಿರ್ದೇಶಿಸಿದರು, ಎರಡೂ ಅಸಾಧಾರಣ ಜನಪ್ರಿಯತೆ ಗಳಿಸಿದವು. ‘ಗಜಿನಿ’ ಕಥೆಯನ್ನು ನೇರಗೊಳಿಸಿದ್ದರಿಂದ ಗೆದ್ದಿತೆಂದು ಹೇಳುವವರುಂಟು. ಆದರೆ ಆ ಚಿತ್ರವೂ ನೇರವಾಗಿಲ್ಲ: ನಾಯಕನ ದಿನಚರಿಯನ್ನು ಬೇರೆಯವರು ತೆರೆದು ಓದಿದಾಗ ಕಥೆ ವರ್ಷಗಳ ಹಿಂದಕ್ಕೆ ಜಿಗಿಯುತ್ತದೆ, ಓದು ನಿಂತಾಗ ವರ್ತಮಾನಕ್ಕೆ ಮರಳುತ್ತದೆ. ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಅಲ್ಲಿ ಕೈಬಿಟ್ಟದ್ದು ಸಂಶಯವನ್ನು. ದಿನಚರಿ ಸುಳ್ಳಾಡದು, ಖಳನು ಖಳನೇ, ನಾಯಕನ ಸೇಡು ನ್ಯಾಯವಾದದ್ದೇ. ಪ್ರೇಕ್ಷಕನಿಗೆ ಬೇಕಾದ ಸಾಕ್ಷಿ ಲಿಖಿತರೂಪದಲ್ಲಿಯೇ ದೊರೆಯಿತು.

ಕನ್ನಡದ ರಸಿಕನಿಗಂತೂ ಕಾಲವ್ಯುತ್ಕ್ರಮವು ಹೊಸದಲ್ಲ. 1209ರ ಜನ್ನನ ‘ಯಶೋಧರ ಚರಿತೆ’ ಕೊಲೆಯ ಕಥೆ, ಅದೂ ನಡುವಿನಿಂದ ತೊಡಗಿದ್ದು. ಮಾರಿಯ ಗುಡಿಯಲ್ಲಿ ಬಲಿಗೆಂದು ತಂದ ಎಳೆಯ ಅಣ್ಣತಂಗಿಯರು ಮಾರಿದತ್ತನ ಕತ್ತಿಯ ಮುಂದೆ ನಿಂತಿರುವಾಗ, ಅಭಯರುಚಿಯು ತನ್ನ ಹಿಂದಣ ಜನ್ಮಗಳನ್ನು ಹೇಳತೊಡಗುತ್ತಾನೆ. ಅಮೃತಮತಿಯು ಮಾವಟಿಗನಿಗೆ ಒಲಿದು, ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಂದ ವೃತ್ತಾಂತವನ್ನು ನಾವು ಕೇಳುವುದು, ಕೊಲೆಯಾದ ಯಶೋಧರನೇ ಆಗಿದ್ದ ಆ ಹುಡುಗನ ಬಾಯಿಂದ. ಸತ್ತವನೇ ಸಾಕ್ಷಿ ಹೇಳುತ್ತಿರುವಾಗ ಸಂಶಯಕ್ಕೆ ಎಡೆಯೆಲ್ಲಿ? ಇದರ ಪಕ್ಕದಲ್ಲಿ ಅಕಿರಾ ಕುರೊಸಾವಾನ ‘ರಶೋಮಾನ್’ (1950) ಚಿತ್ರವನ್ನು ಇಟ್ಟು ನೋಡಬೇಕು. ಅಲ್ಲಿಯೂ ಕೊಲೆಯಾದ ಸಮುರಾಯ್ ಸತ್ತವರ ಮಾತನ್ನು ನುಡಿಯುವ ಹೆಂಗಸೊಬ್ಬಳ ಮೈಮೇಲೆ ಬಂದು ಸಾಕ್ಷಿ ನುಡಿಯುತ್ತಾನೆ; ಆದರೆ ಅವನ ಮಾತೂ ಉಳಿದವರ ಮಾತಿಗೆ ಹೊಂದುವುದಿಲ್ಲ. ಜನ್ನನ ಕಾವ್ಯದಲ್ಲಿ ಮರಣವು ಸಾಕ್ಷಿಯನ್ನು ಪವಿತ್ರಗೊಳಿಸಿದರೆ, ಜಪಾನಿನ ಚಿತ್ರದಲ್ಲಿ ಸತ್ತ ಮೇಲೂ ಮನುಷ್ಯನು ತನ್ನ ಮಾನ ಕಾಯ್ದುಕೊಳ್ಳಲು ಸುಳ್ಳಾಡಬಲ್ಲನು. ಈ ಚಿತ್ರದ ಪ್ರಥಮ ಪ್ರತಿಕ್ರಿಯೆ ಚಿತ್ರೀಕರಣಕ್ಕೆ ಮುನ್ನವೇ ವ್ಯಕ್ತವಾಯಿತೆಂಬುದನ್ನು ಕುರೊಸಾವಾ ಆತ್ಮಕಥೆಯಲ್ಲಿ ನೆನೆದಿದ್ದಾನೆ: ಅವನ ಸಹಾಯಕ ನಿರ್ದೇಶಕರು ಮೂವರು ಬಂದು ಚಿತ್ರಕಥೆ ತಮಗೆ ಅರ್ಥವಾಗಲಿಲ್ಲವೆಂದರು. ಮನುಷ್ಯನು ತನ್ನ ವಿಷಯದಲ್ಲಿ ತಾನು ಪ್ರಾಮಾಣಿಕನಾಗಿರಲಾರನೆಂದು ಆತ ವಿವರಿಸಿದ ಮೇಲೆ ಇಬ್ಬರು ಒಪ್ಪಿದರು; ಮೂರನೆಯವನು ಅಸಮಾಧಾನದಲ್ಲಿಯೇ ಉಳಿದನು. ಅರ್ಥವಾಗಲಿಲ್ಲವೆಂದವರಿಗೆ ನಿರ್ದೇಶಕನು ಕೊಟ್ಟ ಉತ್ತರದಲ್ಲಿ ಕಾಲದ ಪ್ರಸ್ತಾಪವೇ ಇಲ್ಲದಿರುವುದು ಗಮನಿಸತಕ್ಕ ವಿಷಯ.

ನನ್ನ ಪಕ್ಷಕ್ಕೆ ವಿರುದ್ಧವಾದ ನಿದರ್ಶನವೊಂದನ್ನು ಇಲ್ಲಿ ಮುಚ್ಚಿಡಬಾರದು. 1998ರಲ್ಲಿ ಉಪೇಂದ್ರರ ‘ಎ’ ಬಂದಾಗ ಅದರ ಹಿಮ್ಮುಖ ಕಥನಕ್ರಮವೇ ಪ್ರೇಕ್ಷಕರನ್ನು ನಿಜಕ್ಕೂ ಗಲಿಬಿಲಿಗೊಳಿಸಿತು. ಸ್ಫುಟತ್ವಾಭಾವವೆಂದೇ ಕರೆಯಬೇಕಾದ ತೊಡಕು ಅದು. ಆದರೆ ‘ಬುದ್ಧಿವಂತರಿಗೆ ಮಾತ್ರ’ ಎಂಬ ಘೋಷಣೆಯೊಡನೆ ಬಂದ ಆ ಚಿತ್ರ ತೊಡಕನ್ನೇ ಪಂಥವಾಗಿ ಮಾರ್ಪಡಿಸಿತು; ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳಲು ನಾಚಿದವರು ಮತ್ತೆ ಹೋಗಿ ನೋಡಿದರು, ಚಿತ್ರವು ಭರ್ಜರಿಯಾಗಿ ಓಡಿತು. ಕಾಲದ ಗಂಟು ಬಿಗಿಯಾದಷ್ಟೂ ಬಿಚ್ಚುವ ಉಮೇದು ಹೆಚ್ಚೀತೇ ಹೊರತು ಪ್ರೇಕ್ಷಕನು ಮುನಿಯಲೇಬೇಕೆಂಬ ನಿಯಮವಿಲ್ಲ.

ಮುನಿಸು ಕಂಡದ್ದು 2014ರ ಮಾರ್ಚಿಯಲ್ಲಿ, ರಕ್ಷಿತ್ ಶೆಟ್ಟರ ‘ಉಳಿದವರು ಕಂಡಂತೆ’ ತೆರೆಕಂಡಾಗ. ಅಷ್ಟಮಿಯ ಹಬ್ಬದ ಗದ್ದಲ, ಹುಲಿವೇಷದ ತಾಸೆಯ ಬಡಿತ, ಮೀನುದೋಣಿಗಳು, ತುಳುವಿನ ಬನಿ ಹತ್ತಿದ ಕರಾವಳಿಯ ಕನ್ನಡ ಇವುಗಳ ನಡುವೆ ಮಲ್ಪೆಯಲ್ಲಿ ನಡೆದುಹೋದ ಒಂದು ಪ್ರಸಂಗವನ್ನು ರೆಜಿನಾ ಎಂಬ ಪತ್ರಕರ್ತೆ ಹಲವರ ಬಾಯಿಂದ ಸಂಗ್ರಹಿಸುತ್ತಾಳೆ. ಆದರೆ ಸಂಗ್ರಹಿಸಿದ್ದನ್ನು ತೂಗಿ ತೀರ್ಪು ಕೊಡುವ ಕೆಲಸವನ್ನು ಆಕೆ ಮಾಡುವುದಿಲ್ಲ. ಕಥಾನಾಯಕ ರಿಚ್ಚಿ ಕ್ರೂರಿಯೋ, ಪೆಟ್ಟುತಿಂದ ಹುಡುಗನೋ ಎಂಬುದು ಹೇಳುವವರ ಮೇಲೆ ನಿಂತುಬಿಡುತ್ತದೆ. ಅಧ್ಯಾಯಗಳಾಗಿ ಒಡೆದ ಈ ಕಥೆಯ ಕಾಲಕ್ರಮವು ‘ಎ’ಗೆ ಹೋಲಿಸಿದರೆ ಸುಲಭ. ಆದರೂ ವಿಮರ್ಶಕರು ಹೊಗಳುತ್ತಿದ್ದಾಗಲೇ ಸಾಮಾನ್ಯ ಪ್ರೇಕ್ಷಕರು ಇಬ್ಭಾಗವಾದರು, ಗಲ್ಲಾಪೆಟ್ಟಿಗೆಯಲ್ಲಿ ಚಿತ್ರವು ಸೋತಿತು. ನಿಧಾನಗತಿಯೂ ಇದಕ್ಕೆ ಒಂದು ಕಾರಣವೆಂದು ನಾನು ಒಪ್ಪುತ್ತೇನೆ. ಆದರೆ ಅದೇ ನಿಧಾನಗತಿಯ ಚಿತ್ರವನ್ನು ಮುಂದೆ ಮನೆಯಲ್ಲಿ ಕೂತು ಮರಳಿ ಮರಳಿ ನೋಡಿ, ಸಂಭಾಷಣೆಗಳನ್ನು ಬಾಯಿಪಾಠ ಮಾಡಿ, ಕನ್ನಡದ ಹೊಸ ಅಲೆಯ ಗಣ್ಯಕೃತಿಯೆಂದು ಪಟ್ಟಕಟ್ಟಿದವರೂ ಕನ್ನಡದ ಪ್ರೇಕ್ಷಕರೇ ಅಷ್ಟೆ.

ಮೊದಲ ಸಲ ನೋಡುವವನು ನ್ಯಾಯಾಧೀಶನ ಪೀಠದಲ್ಲಿ ಕುಳಿತಿರುತ್ತಾನೆ, ನಿರ್ಣಯವಿಲ್ಲದೆ ಏಳಬೇಕಾದಾಗ ಸಿಡುಕುತ್ತಾನೆ. ನಿರ್ಣಯ ಸಿಕ್ಕದೆಂದು ಮೊದಲೇ ಬಲ್ಲವನಾಗಿ ಎರಡನೆಯ ಸಲ ನೋಡುವಾಗ ಆ ಪೀಠದಿಂದ ಕೆಳಗಿಳಿದು, ಅಜನೀಶ್ ಲೋಕನಾಥರ ಸಂಗೀತಕ್ಕೂ ತಾರಾ ಅಭಿನಯಿಸಿದ ತಾಯಿಯ ಕಾಯುವಿಕೆಗೂ ಮಾತಿನ ಏರಿಳಿತಕ್ಕೂ ಕಿವಿಗೊಡುತ್ತಾನೆ. ಸಂಶಯ ಕರಗಿರುವುದಿಲ್ಲ, ಅದು ವಿಘ್ನವಾಗಿ ಉಳಿದಿರುವುದಿಲ್ಲ, ಅಷ್ಟೆ. ಆದರೆ ಒಂದು ವಾರದ ಗಳಿಕೆಯಿಂದಲೇ ಅಳಿವು-ಉಳಿವು ನಿಶ್ಚಯವಾಗುವ ನಮ್ಮ ಪ್ರದರ್ಶನ ವ್ಯವಸ್ಥೆಯಲ್ಲಿ ಈ ಎರಡನೆಯ ನೋಟಕ್ಕೆ ಅವಕಾಶ ಎಲ್ಲಿಂದ ಬರಬೇಕು? ಇಂಥ ಚಿತ್ರಗಳ ಪ್ರತಿಕ್ರಿಯೆಯನ್ನು ಬಿಡುಗಡೆಯ ವಾರದ ದಾಖಲೆಗಳಿಂದಲೇ ಅಳೆಯುವ ಸಂಶೋಧಕನು ಅರ್ಧ ಸಾಮಗ್ರಿಯಿಂದ ಕೆಲಸ ಮಾಡುತ್ತಿರುತ್ತಾನೆ.

2017ರಲ್ಲಿ ಇದೇ ಚಿತ್ರ ‘ರಿಚಿ’ ಎಂಬ ಹೆಸರಿನಿಂದ, ನಿವಿನ್ ಪೌಲಿ ನಾಯಕತ್ವದಲ್ಲಿ ತಮಿಳಿಗೆ ಹೋಯಿತು. ಕಥೆಯ ಎಲುಬುಗೂಡೂ ವಿಚಾರಿಸುವ ಪತ್ರಕರ್ತೆಯೂ ಜೊತೆಯಲ್ಲಿ ಹೋದರು, ಕಡಲತೀರವೂ ದೊರೆಯಿತು. ಮೂಲಕ್ಕೆ ತಡವಾಗಿಯಾದರೂ ಒಲಿದ ಪ್ರೀತಿ ಅದಕ್ಕೆ ಒಲಿಯಲಿಲ್ಲ. ಮಲ್ಪೆಯ ಕನ್ನಡವೂ ಅಷ್ಟಮಿಯ ಹುಲಿಯೂ ಹಿಂದೆ ಉಳಿದಿದ್ದವು. ತೀರ್ಪಿಲ್ಲದ ಕಥೆಯನ್ನು ಕನ್ನಡದ ಪ್ರೇಕ್ಷಕನು ಕ್ಷಮಿಸಿದ್ದು ಯಾವುದರ ಸಲುವಾಗಿ ಎಂಬುದನ್ನು ಅರಸುವವರು ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು, ದೃಶ್ಯಕ್ಕೆ ದೃಶ್ಯವನ್ನು ಎದುರಿಟ್ಟು ಪರಿಶೀಲಿಸಬೇಕಾಗಿದೆ.