ಮೂತ್ರಪಿಂಡ ರೋಗದ ಮಕ್ಕಳು: ಶಾಲೆ ಮತ್ತು ಆಟ

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೂತ್ರಪಿಂಡದ ಕಾಯಿಲೆಗಳಲ್ಲಿ ನೆಫ್ರೋಟಿಕ್ ಸಿಂಡ್ರೋಮ್ ಒಂದು. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗಿ, ಬೆಳಿಗ್ಗೆ ಕಣ್ಣಿನ ಸುತ್ತ ಬಾವು ಬರುತ್ತದೆ. ಬಹುಪಾಲು ಮಕ್ಕಳು ಸ್ಟೀರಾಯ್ಡ್‌ಗೆ ಸ್ಪಂದಿಸಿದರೂ ಕಾಯಿಲೆ ಮರುಕಳಿಸುವುದುಂಟು. ಔಷಧದಿಂದ ಮುಖ ಊದಿಕೊಂಡ ಮಗುವಿಗೆ ಪಾಠಕ್ಕಿಂತ ಸಹಪಾಠಿಗಳ ಗೇಲಿಯೇ ಕಷ್ಟವಾಗಬಹುದು.

ಮೂತ್ರಪಿಂಡ ವಿಫಲವಾದಾಗ ಹಿಮೋಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿ ಸಲ ಸುಮಾರು 4 ಗಂಟೆ ನಡೆಯುತ್ತದೆ. ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಗಡಿ ಊರು ಮೆಹಕರದಂಥಲ್ಲಿಂದ ನಗರಕ್ಕೆ ಹೋಗಿ ಬರುವ ಮಗುವಿಗೆ ಶಾಲಾ ವಾರದ ಅರ್ಧ ಅಲ್ಲೇ ಕಳೆಯುತ್ತದೆ. ಮನೆಯಲ್ಲೇ ರಾತ್ರಿ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ಹಗಲು ಉಳಿಯುತ್ತದೆ. ಆದರೆ ಶುಚಿಯಾದ ಜಾಗ ಬೇಕು.

ಶಾಲೆಯ ಊಟದಲ್ಲೂ ಎಚ್ಚರ ಬೇಕು. ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುವ ಯೋಜನೆ 2021ರ ಡಿಸೆಂಬರ್‌ನಲ್ಲಿ ಬೀದರ್ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಶುರುವಾಯಿತು. ಉಳಿದ ಮಕ್ಕಳಿಗೆ ಒಳ್ಳೆಯದಾದ ಬಾಳೆಹಣ್ಣು, ರಕ್ತದಲ್ಲಿ ಪೊಟ್ಯಾಸಿಯಂ ಏರಿದ ಮಗುವಿಗೆ ಅಪಾಯಕಾರಿ. ಇದನ್ನು ಅಡುಗೆಯವರಿಗೂ ತಿಳಿಸಿರಬೇಕು.

ಆಟ ಪೂರ್ತಿ ನಿಲ್ಲಿಸುವುದು ಅನಗತ್ಯ ಕಟ್ಟುನಿಟ್ಟು. ನಡಿಗೆ, ಸೈಕಲ್, ಬ್ಯಾಡ್ಮಿಂಟನ್ ವೈದ್ಯರ ಒಪ್ಪಿಗೆಯಿದ್ದರೆ ಸರಿಯೇ. ಕಸಿಯಾದ ಮೂತ್ರಪಿಂಡ ಕಿಬ್ಬೊಟ್ಟೆಯಲ್ಲಿ ಚರ್ಮದ ಸಮೀಪ ಇರುವುದರಿಂದ ಕಬಡ್ಡಿ, ಕುಸ್ತಿ ಬೇಡ ಎನ್ನುತ್ತಾರೆ. ಹಿಮೋಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ಫಿಸ್ಟುಲಾ ಇರುವ ತೋಳಿಗೂ ಪೆಟ್ಟು ತಾಗಬಾರದು. ಅಂಗಕಸಿಯಾದವರಿಗಾಗಿಯೇ 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಆರಂಭವಾದ ಕ್ರೀಡಾಕೂಟದಲ್ಲಿ ಈಗ ಮಕ್ಕಳೂ ಸ್ಪರ್ಧಿಸುತ್ತಾರೆ.