ಪೂಡಲ್ ನಾಯಿಯ ಕ್ಷೌರ ಮತ್ತು ಚಳಿ

ಪೂಡಲ್ ನಾಯಿಯನ್ನು ಚಿತ್ರದಲ್ಲಾದರೂ ನೋಡಿರ್ತೀರಿ. ಎದೆ ತುಂಬ ಸಿಂಹದ ಹಾಗೆ ಕೂದಲು, ಹಿಂಭಾಗ ಪೂರ್ತಿ ಬೋಳು, ಕಾಲಿನ ಗಂಟುಗಳ ಹತ್ತಿರ ಒಂದೊಂದು ಉಣ್ಣೆಚೆಂಡು! ಶ್ರೀಮಂತರ ಮನೆಯ ಶೋಕಿ ಅಂತಲೇ ಎಲ್ಲರೂ ಅಂದುಕೊಳ್ಳೋದು. ಆದರೆ ಇದು ಮೂಲತಃ ಬೇಟೆನಾಯಿ. ‘ಪುಡೆಲ್’ ಅನ್ನುವ ಅದರ ಜರ್ಮನ್ ಹೆಸರಿನಲ್ಲೇ ನೀರು ಚಿಮ್ಮಿಸುವ ಅರ್ಥ ಇದೆ. ಹೊಡೆದ ಕಾಡುಬಾತು ಕೆರೆಗೋ ಜೌಗಿಗೋ ಬಿದ್ದರೆ ಈಜಿ ಹೋಗಿ ಬಾಯಲ್ಲಿ ಕಚ್ಚಿ ತರುವುದು ಅದರ ಕೆಲಸ. ಯುರೋಪಿನಲ್ಲಿ ಬಾತಿನ ಬೇಟೆ ಹೆಚ್ಚಾಗಿ ಚಳಿಗಾಲದ್ದು. ಅಂಥ ಕೊರೆಯುವ ನೀರಿಗೆ ಇಳಿಯಬೇಕಾದ ನಾಯಿಯ ಮೈಯನ್ನು ಯಾಕೆ ಬೋಳಿಸಿದರು? ಈ ಪ್ರಶ್ನೆ ನನ್ನನ್ನು ಎರಡು ಹಳೆಯ ಇಂಗ್ಲಿಷ್ ಪುಸ್ತಕಗಳ ತನಕ ಕರಕೊಂಡು ಹೋಯಿತು.

ಮೊದಲನೆಯದು ಜಾನ್ ಕೈಯಸ್‌ನದು (ಬರೆಯೋದು ಹಾಗೆ, ಕೇಂಬ್ರಿಜ್‌ನವರು ಕರೆಯೋದು ‘ಕೀಸ್’ ಅಂತ). ಒಂದನೇ ಎಲಿಜಬೆತ್ ರಾಣಿಗೂ ವೈದ್ಯನಾಗಿದ್ದವ. ಇಂಗ್ಲೆಂಡಿನ ನಾಯಿಗಳ ಬಗ್ಗೆ ಈತ ಲ್ಯಾಟಿನ್ನಿನಲ್ಲಿ ಬರೆದ ಪುಟ್ಟ ಪುಸ್ತಕ 1570ರಲ್ಲಿ ಬಂತು, 1576ರಲ್ಲಿ ಇಂಗ್ಲಿಷಿಗೂ ಆಯಿತು. ಅದರಲ್ಲಿ ನೀರಿನ ಬೇಟೆನಾಯಿಯ ಪ್ರಸ್ತಾಪ ಇದೆ. (ನಮ್ಮ ಕಾವೇರಿಯ ನೀರುನಾಯಿ ಅಲ್ಲ ಮಾರಾಯ್ರೆ, ಅದು ಬೇರೆಯೇ ಪ್ರಾಣಿ.) ಹೆಚ್ಚಿನ ಕೂದಲು ತೆಗೆದರೆ ನಾಯಿ ಹಗುರಾಗಿ ಈಜುತ್ತದೆ ಅನ್ನುವುದು ಅವನ ವಿವರಣೆ. ಗುರಿ ತಪ್ಪಿ ನೀರಿಗೆ ಬಿದ್ದ ಬಾಣಗಳನ್ನೂ ಇದೇ ನಾಯಿ ಹುಡುಕಿ ತರುತ್ತಿತ್ತಂತೆ.

ಆದರೆ ಚಳಿಯ ವಿಷಯ ಹಿಡಿದು ಕೂತವನು ಗರ್ವೇಸ್ ಮಾರ್ಕಮ್. ಹಕ್ಕಿ ಬೇಟೆಯ ಬಗ್ಗೆ 1621ರಲ್ಲಿ ಅವನ ಪುಸ್ತಕ ಅಚ್ಚಾಯಿತು. ಅವನ ವಾದ ಹೀಗಿದೆ: ಈಜುವಾಗ ನಾಯಿಯ ಹಿಂಭಾಗವೇ ನೀರಿನಲ್ಲಿ ಹೆಚ್ಚು ಮುಳುಗೋದು, ಅದಕ್ಕೇ ಪ್ರಕೃತಿ ಅಲ್ಲಿ ಕೂದಲನ್ನು ದಟ್ಟವಾಗಿ ಕೊಟ್ಟಿದೆ. ಆದರೆ ಅದೇ ಕೂದಲು ಬೇಸಗೆಯಲ್ಲಿ ಹಿಂಸೆ, ಈಜುವಾಗ ಭಾರ. ಹಾಗಾಗಿ ಹೊಕ್ಕುಳಿಂದ ಹಿಂದಕ್ಕೆ ಬೋಳಿಸಿದರೆ ತಪ್ಪಿಲ್ಲ. ಮೂತಿಯಿಂದ ಪಾದದ ತನಕ ಪೂರ್ತಿ ಬೋಳಿಸುವುದನ್ನು ಮಾತ್ರ ಆತ ಖಂಡಿಸುತ್ತಾನೆ. ಹಾಗೆ ಮಾಡಿದರೆ ನಾಯಿಯ ಮೈಗೆ ಚಳಿ ಹೊಕ್ಕು, ಕೊನೆಗೆ ಅದಕ್ಕೆ ನೀರೆಂದರೇ ಬೇಡವಾಗುತ್ತದೆ ಅನ್ನುತ್ತಾನೆ.

ನನಗೆ ಹಿಡಿಸಿದ್ದು ಈ ಕೊನೆಯ ಮಾತು. ಬೇಟೆನಾಯಿ ಚಳಿ ಆಗ್ತಿದೆ ಅಂತ ಹೇಳುವುದಿಲ್ಲ. ಯಜಮಾನ ಕಳಿಸಿದಷ್ಟು ಸಲ ನೀರಿಗೆ ಹಾರುತ್ತದೆ. ಒಂದು ದಿನ ದಡದಲ್ಲಿ ನಿಂತು ಹಿಂದೇಟು ಹಾಕಿದರೆ ಸೋಮಾರಿ ಅಂತ ಬೈಸಿಕೊಳ್ಳುತ್ತದೆ. ಅದು ಸೋಮಾರಿತನ ಅಲ್ಲ, ಕತ್ತರಿ ಹಿಡಿದವನ ಕೆಲಸ ಅಂತ ನಾನೂರು ವರ್ಷದ ಹಿಂದೆ ಒಬ್ಬ ಬರೆದಿಟ್ಟಿದ್ದಾನೆ.

ಗಂಟುಗಳ ಮೇಲಿನ ಚೆಂಡುಗಳು ಕೀಲುಗಳನ್ನು ಬೆಚ್ಚಗಿಡಲು ಅನ್ನುವ ಕಥೆ ಎಲ್ಲ ಕಡೆ ಸಿಗುತ್ತದೆ. ಮಾರ್ಕಮ್‌ನ ಲೆಕ್ಕ ಹೊಕ್ಕುಳಿಂದ ಹಿಂದಕ್ಕೆ ಅಂತಷ್ಟೇ. ಆ ಚೆಂಡುಗಳಲ್ಲಿ 19ನೇ ಶತಮಾನದ ಪ್ಯಾರಿಸ್ಸಿನಲ್ಲಿ ಸೇನ್ ನದಿಯ ದಂಡೆಯಲ್ಲಿ ಕೂತು ನಾಯಿಗಳಿಗೆ ಕ್ಷೌರ ಮಾಡುತ್ತಿದ್ದವರ ಕೈಚಳಕವೇ ಜಾಸ್ತಿ ಅಂತ ನನ್ನ ಗುಮಾನಿ.

ಅಟ್ಲಾಂಟಿಕ್‌ನ ಆಚೆ ಕತ್ತರಿಯ ಗೊಡವೆಯೇ ಬೇಡದ ನಾಯಿ ಬಂತು. 1807ರಲ್ಲಿ ಮೇರಿಲ್ಯಾಂಡ್ ಹತ್ತಿರ ಮುಳುಗುತ್ತಿದ್ದ ಇಂಗ್ಲಿಷ್ ಹಡಗಿನಿಂದ ಎರಡು ಮರಿಗಳನ್ನು ‘ಕ್ಯಾಂಟನ್’ ಎಂಬ ಹಡಗಿನವರು ಕಾಪಾಡಿದರು. ಗಂಡಿಗೆ ಸೈಲರ್, ಹೆಣ್ಣಿಗೆ ಕಾಪಾಡಿದ ಹಡಗಿನದೇ ಹೆಸರು. ಚೆಸಪೀಕ್ ಕೊಲ್ಲಿಯ ಬಾತು ಬೇಟೆಗಾರರು ಇವುಗಳ ರಕ್ತ ಸೇರಿಸಿ ಬೆಳೆಸಿದ ತಳಿಗೆ ಚೆಸಪೀಕ್ ಬೇ ರಿಟ್ರೀವರ್ ಅಂತ ಹೆಸರು. 1964ರಿಂದ ಮೇರಿಲ್ಯಾಂಡ್ ರಾಜ್ಯದ ಅಧಿಕೃತ ನಾಯಿ. ಅದರ ಮೈಮೇಲೆ ಎರಡು ಪದರ: ಹೊರಗೆ ಗಿಡ್ಡಗಿನ ಒರಟು ಕೂದಲು, ಒಳಗೆ ಒತ್ತಾದ ಉಣ್ಣೆ. ಎರಡಕ್ಕೂ ಎಣ್ಣೆ ಪಸೆ, ಬಾತಿನ ಗರಿಯ ಹಾಗೆ. ನೀರು ಸುಲಭಕ್ಕೆ ಚರ್ಮಕ್ಕೆ ಇಳಿಯುವುದಿಲ್ಲ, ಒಳಪದರದ ಗಾಳಿ ಶಾಖ ಹಿಡಿದಿಡುತ್ತದೆ. ಒಳಗೂದಲೇ ಇಲ್ಲದ ನಮ್ಮ ಮುಧೋಳ ನಾಯಿಯನ್ನು ನೆನೆಸಿಕೊಳ್ಳಿ... ಅದು ಬಿಸಿಲ ಬಯಲಲ್ಲಿ ಮೊಲ ಅಟ್ಟಲು ಹೇಳಿ ಮಾಡಿಸಿದ ಮೈ. ಆ ಕೊಲ್ಲಿಯ ನೀರಿಗೆ ಇಳಿಸಿದರೆ ಅಷ್ಟೇ ಕಥೆ.

ಹಾಗಂತ ಎಣ್ಣೆ ಮೈಗೂ ಮಿತಿ ಇದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ನಾಯಿಯ ಮೈ ಬಿಸಿ ಸಹಜವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದು ಇಳಿಯತೊಡಗಿದಾಗ ಮೊದಲು ನಡುಕ, ಆಮೇಲೆ ತಡವರಿಕೆ. ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಸುಧಾರಿಸಿತು ಅಂತಲ್ಲ, ಕೈಮೀರುತ್ತಿದೆ ಅಂತ. ಆಗ ಒರೆಸಿ ಒಣಗಿಸಿ, ಕಂಬಳಿ ಸುತ್ತಿ, ಹೊಟ್ಟೆ ಎದೆ ಭಾಗವನ್ನು ನಿಧಾನವಾಗಿ ಬೆಚ್ಚಗೆ ಮಾಡುತ್ತಾ ಪಶುವೈದ್ಯರ ಹತ್ತಿರ ಓಡಬೇಕು.

ಈಗಿನ ಬೇಟೆಗಾರರು ನಾಯಿಗೆ ನಿಯೋಪ್ರೀನ್ ಅನ್ನುವ ಸ್ಪಂಜಿನಂಥ ರಬ್ಬರಿನ ಅಂಗಿ ಹಾಕುತ್ತಾರೆ. ಮುಳುಗುಗಾರರ ಉಡುಪಿನದೇ ಬಟ್ಟೆ. ಅದು ಎದೆ ಹೊಟ್ಟೆಯನ್ನು ಮುಚ್ಚುತ್ತದೆ, ಹಿಂಭಾಗ ಕಾಲು ಎಲ್ಲ ಬಯಲೇ. ಮಾರ್ಕಮ್ ಕೂದಲು ಉಳಿಸಿ ಅಂದದ್ದೂ ಮುಂಭಾಗದಲ್ಲೇ ಅಲ್ಲವೇ! ಇನ್ನೊಂದು ಸರಳ ಉಪಾಯ, ಜೌಗಿನ ಮರಕ್ಕೆ ಕಟ್ಟುವ ಚಿಕ್ಕ ಅಟ್ಟಣಿಗೆ. ಹಕ್ಕಿಗಾಗಿ ಕಾಯುವ ಹೊತ್ತಲ್ಲಿ ನಾಯಿ ನೀರಿನಲ್ಲಿ ನಿಲ್ಲುವ ಬದಲು ಅದರ ಮೇಲೆ ಕೂತಿರುತ್ತದೆ.